‘ಗೆಟ್’ ಆದಮೇಲೆ ಏನು ಬಂತು, ಅದನ್ನು ನೋಡಿ

ಪ್ರಶ್ನೆ: ‘ಗೆಟ್’ ಅಂದ್ರೆ ಪಡೆಯುವುದು ಅಂತ ಕಲಿತಿದ್ದೆ. ‘ಗೆಟ್ ಆ್ಯಂಗ್ರಿ’, ‘ಗೆಟ್ ಹೋಮ್’, ‘ಐ ಡೋಂಟ್ ಗೆಟ್ ಇಟ್’ ಇವುಗಳಲ್ಲಿ ಯಾರು ಏನನ್ನು ಪಡೆದರು? ಇದರ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಲೇಬೇಕಾ?

ಉತ್ತರ: ಬೇಡವೇ ಬೇಡ. ನಿಘಂಟು ತೆರೆದು ಕೂತರೆ ಪಟ್ಟಿ ಮುಗಿಯುವುದೇ ಇಲ್ಲ. ‘ಗೆಟ್’ ಆದಮೇಲೆ ಯಾವ ಪದ ಬಂತು ಅಂತ ನೋಡಿ, ಅರ್ಧ ಕೆಲಸ ಆಯ್ತು. ವಸ್ತು ಬಂದರೆ ಸಿಗುವುದು ಇಲ್ಲವೇ ತರುವುದು. ‘ಐ ಗಾಟ್ ಎ ಲೆಟರ್’ ಅಂದ್ರೆ ನನಗೆ ಪತ್ರ ಬಂತು, ‘ಗೆಟ್ ಮಿ ಎ ಚೇರ್’ ಅಂದ್ರೆ ಕುರ್ಚಿ ತಂದುಕೊಡು. ಗುಣ, ಸ್ಥಿತಿ ಹೇಳುವ ಪದ ಬಂದರೆ ಅದು ನಮ್ಮ ‘ಆಗು’. ‘ಇಟ್ಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ಹಾಗೇ ‘ದೇ ಆರ್ ಮ್ಯಾರೀಡ್’ ಅಂದ್ರೆ ಅವರಿಗೆ ಮದುವೆಯಾಗಿದೆ ಅಂತ, ‘ದೇ ಗಾಟ್ ಮ್ಯಾರೀಡ್’ ಅಂದ್ರೆ ಅವರು ಮದುವೆ ಆದರು ಅಂತ. ಜಾಗ ಬಂದರೆ ತಲುಪುವುದು: ‘ಗೆಟ್ ಟು ದ ಸ್ಟೇಷನ್’. ‘ಹೋಮ್’, ‘ಹಿಯರ್’, ‘ದೇರ್’ ಬಂದಾಗ ಮಾತ್ರ ‘ಟು’ ಹಾಕಬೇಡಿ. ‘ಐ ಡೋಂಟ್ ಗೆಟ್ ಇಟ್’ ಅನ್ನೋದನ್ನು ಸುಮ್ನೆ ಹಾಗೇ ನೆನಪಿಟ್ಟುಕೊಳ್ಳಿ, ಅರ್ಥ ಆಗ್ತಿಲ್ಲ ಅಂತ.

ಪ್ರಶ್ನೆ: ಕಟಿಂಗ್ ಮಾಡಿಸಿಕೊಂಡು ಬಂದವನು ‘ಐ ಕಟ್ ಮೈ ಹೇರ್’ ಅಂದರೆ ತಪ್ಪಾ?

ಉತ್ತರ: ತಪ್ಪೇನಿಲ್ಲ, ಆದರೆ ಕೇಳಿದವರಿಗೆ ನೀವೇ ಕನ್ನಡಿ ಮುಂದೆ ಕತ್ತರಿ ಹಿಡಿದು ನಿಂತ ಹಾಗೆ ಅನ್ನಿಸಬಹುದು! ನಮಗೆ ‘ಇಸು’ ಅಂತ ಒಂದು ಅನುಕೂಲ ಇದೆ: ಹೊಲಿ, ಹೊಲಿಸು, ಬರೆ, ಬರೆಸು. ಇಂಗ್ಲಿಷ್ ಕ್ರಿಯಾಪದದ ಕೊನೆಗೆ ಹಾಗೆ ಸೇರಿಸಲು ಏನೂ ಇಲ್ಲ, ಆ ಕೆಲಸವನ್ನು ‘ಗೆಟ್’ ಮಾಡುತ್ತದೆ. ‘ಐ ಗಾಟ್ ಮೈ ಹೇರ್ ಕಟ್’, ‘ಐ ಗಾಟ್ ದ ಫ್ಯಾನ್ ರಿಪೇರ್ಡ್’. ಪದಗಳ ಸಾಲು ಗಮನಿಸಿ: ಮೊದಲು ವಸ್ತು, ಆಮೇಲೆ ಆದ ಕೆಲಸ. ‘ಗಾಟ್’ ಬದಲು ‘ಹ್ಯಾಡ್’ ಹಾಕಿದರೂ ನಡೆಯುತ್ತದೆ, ಬರವಣಿಗೆಯಲ್ಲಿ ಅದೇ ಸ್ವಲ್ಪ ಚೆನ್ನ. ಇನ್ನು ಒಬ್ಬರ ಕೈಲಿ ಮಾಡಿಸಿದ್ದಾದರೆ ‘ಟು’ ಬೇಕು. ‘ಐ ಗಾಟ್ ಹಿಮ್ ಟು ಸೈನ್’ ಅಂದ್ರೆ ಹೇಗೋ ಒಪ್ಪಿಸಿ ಸಹಿ ಹಾಕಿಸಿದೆ. ‘ಐ ಮೇಡ್ ಹಿಮ್ ಸೈನ್’ ಅಂದುಬಿಟ್ಟರೆ ಬಲವಂತದ ವಾಸನೆ ಬರುತ್ತದೆ, ಅಲ್ಲಿ ‘ಟು’ ಕೂಡ ಇಲ್ಲ.

ಪ್ರಶ್ನೆ: ‘ಗಾಟನ್’ ಸರಿಯಾ?

ಉತ್ತರ: ಅಮೆರಿಕದ ಇಂಗ್ಲಿಷಿನಲ್ಲಿ ಸರಿ. ಅದು ಅವರು ಹೊಸದಾಗಿ ಹುಟ್ಟಿಸಿದ ಪದವೂ ಅಲ್ಲ, ಬ್ರಿಟನ್ನಿನಲ್ಲಿ ಬಳಕೆ ತಪ್ಪಿದ ಹಳೇ ರೂಪ. ‘ಫರ್ಗಾಟನ್’ ಇವತ್ತಿಗೂ ಎರಡೂ ಕಡೆ ಇದೆಯಲ್ವಾ? ಅಮೆರಿಕದವರಲ್ಲೂ ‘ಐ ಹ್ಯಾವ್ ಗಾಟ್ ಎ ಕಾರ್’ ಅಂದ್ರೆ ಕಾರು ಇದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದ್ರೆ ಕಾರು ತಗೊಂಡಿದ್ದೇನೆ. ಪರೀಕ್ಷೆಯಲ್ಲಿ ಬ್ರಿಟಿಷ್ ರೂಪ ಕೇಳಿದ್ದರೆ ‘ಗಾಟ್’ ಅಂತಲೇ ಬರೆಯಿರಿ.