ಹಸಿ ಊಟ, ಬಿಸಿ ಜಗಳ

(ವ್ಯಕ್ತಿಗಳ ಗುರುತು ಸಿಗದಂತೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಹತ್ತಿರ ಆಪ್ತಸಲಹೆಗೆ ಮೊದಲು ಬಂದವರು ಹೆಂಡತಿ. ಕೂತ ಕೂಡಲೇ "ನಮ್ಮ ಯಜಮಾನ್ರಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂದರು. ಕುಡಿತವಾ ಅಂದೆ, ಅಲ್ಲ. ಸಾಲವಾ, ಅದೂ ಅಲ್ಲ. "ಹಸಿ ತರಕಾರಿ ತಿಂತಾರೆ." ಹೇಳುತ್ತಿದ್ದಂತೆ ಅವರಿಗೇ ನಗು ಬಂತು, ನಗುವಿನ ಬೆನ್ನಿಗೇ ಅಳು.

ಗಂಡನಿಗೆ ನಲವತ್ತೈದರ ಆಸುಪಾಸು. ಕೂತು ಮಾಡುವ ಕೆಲಸ. ಕೆಲವು ವರ್ಷಗಳ ಹಿಂದೆ ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಜಾಸ್ತಿ ಬಂತು. ಅವರ ತಂದೆ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದವರು. ರಿಪೋರ್ಟ್ ಕೈಗೆ ಬಂದ ಮೇಲೆ ಈ ಮನುಷ್ಯ ಮೊದಲು ಮಾಂಸ, ಮೊಟ್ಟೆ ಬಿಟ್ಟರು. ಆಮೇಲೆ ಹಾಲು, ಮೊಸರು, ಜೇನುತುಪ್ಪ. ಕೊನೆಗೆ ಒಲೆಯನ್ನೇ ಬಿಟ್ಟರು. ಹೀಗೆ ಹಸಿಯನ್ನಷ್ಟೇ ತಿನ್ನುವ ಪದ್ಧತಿಯವರು ಸಾಮಾನ್ಯವಾಗಿ 42ರಿಂದ 48 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾದದ್ದನ್ನು ಮುಟ್ಟುವುದಿಲ್ಲ. ಹಣ್ಣು, ಸೊಪ್ಪು, ತರಕಾರಿ, ನೆನೆಸಿದ ಬೀಜ, ಮೊಳಕೆ ಕಾಳು, ಇಷ್ಟೇ ಊಟ. ಇವರು 42ನ್ನೇ ಬಿಗಿಯಾಗಿ ಹಿಡಿದಿದ್ದರು. ತೂಕ ಇಳಿಯಿತು, ಕೆಟ್ಟ ಕೊಲೆಸ್ಟರಾಲೂ ಇಳಿಯಿತು. ಆ ಎರಡನೇ ರಿಪೋರ್ಟನ್ನು ಫೋನಿನಲ್ಲಿಟ್ಟುಕೊಂಡು ಕಂಡವರಿಗೆಲ್ಲ ತೋರಿಸುತ್ತಿದ್ದರಂತೆ.

ಹೆಂಡತಿಯ ದೂರು ಇದ್ದದ್ದು ಗಂಡನ ತಟ್ಟೆಯ ಬಗ್ಗೆ ಅಲ್ಲವೇ ಅಲ್ಲ ಅನ್ನುವುದು ಅರ್ಧ ಗಂಟೆ ಕೇಳಿದ ಮೇಲೆ ನನಗೆ ಸ್ಪಷ್ಟವಾಯಿತು. "ಬಾಯಿ ಬಿಟ್ಟು ಏನೂ ಅನ್ನಲ್ಲ. ನಾನು ಒಲೆ ಹಚ್ಚಿದ ತಕ್ಷಣ ಎದ್ದು ಹೋಗಿ ಕಿಟಕಿ ತೆಗೀತಾರೆ. ನಾನೇನೋ ಪಾಪ ಮಾಡ್ತಿದೀನಿ ಅನ್ನೋ ಹಾಗೆ." ಹದಿನೇಳರ ಮಗಳಿದ್ದಾಳೆ. ಅಪ್ಪನ ಮನಸ್ಸು ನೋಯಬಾರದೆಂದು ಅಪ್ಪನ ಜೊತೆ ಒಂದು ಬಟ್ಟಲು ಹಣ್ಣು, ಅಮ್ಮನ ಮನಸ್ಸು ನೋಯಬಾರದೆಂದು ಅಮ್ಮನ ಜೊತೆ ಎರಡು ತುತ್ತು. ಎರಡೂ ಕಡೆ ಅರೆಹೊಟ್ಟೆ. ಎದ್ದು ಹೊರಡುವಾಗ, ಬಾಗಿಲ ಹತ್ತಿರ, ತಾಯಿ ಒಂದು ಮಾತು ಸೇರಿಸಿದರು: ಹುಡುಗಿಗೆ ಮೂರ್ನಾಲ್ಕು ತಿಂಗಳಿಂದ ಮುಟ್ಟು ಆಗಿಲ್ಲ. ನನ್ನ ವೃತ್ತಿಯಲ್ಲಿ ಮುಖ್ಯ ವಿಷಯ ಹೆಚ್ಚಾಗಿ ಬಾಗಿಲ ಹತ್ತಿರವೇ ಹೊರಬರುತ್ತದೆ. ಅವರನ್ನು ಮತ್ತೆ ಕೂರಿಸಿ, ಮಗಳನ್ನು ಆ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಮಿಕ್ಕಿದ್ದೆಲ್ಲ ಆಮೇಲೆ ಅಂದೆ.

ಮುಂದಿನ ವಾರ ಗಂಡ ಒಬ್ಬರೇ ಬಂದರು, ವಾದಕ್ಕೆ ಸಿದ್ಧವಾಗಿ. ನೀವು ಏನು ತಿನ್ನಬೇಕು ಅಂತ ತೀರ್ಮಾನ ಮಾಡುವುದು ನನ್ನ ಕೆಲಸ ಅಲ್ಲ ಅಂದೆ. ತಯಾರಿಯೆಲ್ಲ ದಂಡವಾದ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೈ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ, ಬೆಳಿಗ್ಗೆ ಎದ್ದಾಗ ಕಾಲ್ಬೆರಳು ಜೋಮು ಹಿಡಿದಿರುತ್ತೆ ಅಷ್ಟೇ, "ಹಳೇ ವಿಷ ಹೊರಗೆ ಹೋಗ್ತಿದೆ" ಅಂದರು.

ಇಲ್ಲಿ ನಾನು ಆಪ್ತಸಲಹೆಯನ್ನು ಪಕ್ಕಕ್ಕಿಟ್ಟೆ. ಜೋಮಿಗೆ ಹಲವು ಕಾರಣ ಇರಬಹುದು, ಆದರೆ ಪ್ರಾಣಿಮೂಲದ ಆಹಾರ ಬಿಟ್ಟವರಲ್ಲಿ ಮೊದಲು ನೋಡಬೇಕಾದದ್ದು ವಿಟಮಿನ್ ಬಿ12. ವಯಸ್ಕರಿಗೆ ದಿನಕ್ಕೆ ಬೇಕಿರುವುದು ಸುಮಾರು 2.4 ಮೈಕ್ರೊಗ್ರಾಂ. ಅಷ್ಟನ್ನು ನೆಚ್ಚಿಕೊಳ್ಳುವಂತೆ ಕೊಡುವ ಸಸ್ಯಮೂಲದ ಆಹಾರ ಯಾವುದೂ ಇಲ್ಲ. ಇವರು ಸ್ಪಿರುಲಿನಾ ಎಂಬ ಪಾಚಿಯ ಪುಡಿ ತಗೋತಿದ್ದರು. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ಹುಸಿ ಬಿ12. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಸಾಕಾಗುವುದರಿಂದ ಮೊದಮೊದಲು ಯಾವ ತೊಂದರೆಯೂ ಗೊತ್ತಾಗುವುದಿಲ್ಲ, ಅದೇ ಮೋಸ. ಸೊಪ್ಪಿನಿಂದ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಧಾರಾಳವಾಗಿ ಸಿಗುವುದರಿಂದ ರಕ್ತಹೀನತೆ ಕಾಣಿಸಿಕೊಳ್ಳದೇ ಇರಬಹುದು, ಆದರೆ ನರಗಳಿಗೆ ಆಗುವ ಹಾನಿ ನಿಲ್ಲುವುದಿಲ್ಲ. ವೈದ್ಯರ ಹತ್ತಿರ ಹೋಗದೆ ನಮ್ಮ ಮಾತು ಮುಂದುವರಿಯುವುದಿಲ್ಲ ಅಂದೆ. ಮುಖ ಗಂಟಿಕ್ಕಿಕೊಂಡೇ ಹೋದರು. ಬಿ12 ಕಡಿಮೆಯೇ ಇತ್ತು. ವೈದ್ಯರು ಚಿಕಿತ್ಸೆ ಶುರು ಮಾಡಿದರು.

ಕೊಲೆಸ್ಟರಾಲ್ ಇಳಿದದ್ದು ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳದೆ ಅವರ ಜೊತೆ ಮಾತಾಡಲು ಆಗುತ್ತಿರಲಿಲ್ಲ. ಜರ್ಮನಿಯ ಗೀಸೆನ್‌ನಲ್ಲಿ ದೀರ್ಘಕಾಲ ಹಸಿ ಆಹಾರದಲ್ಲಿದ್ದವರ ಮೇಲೆ ಅಧ್ಯಯನಗಳು ನಡೆದಿವೆ. 2005ರಲ್ಲಿ ಪ್ರಕಟವಾದದ್ದರಲ್ಲಿ ಕೆಟ್ಟ ಕೊಲೆಸ್ಟರಾಲ್ ಒಳ್ಳೆಯ ಮಟ್ಟದಲ್ಲಿತ್ತು. ಜೊತೆಗೆ ಒಳ್ಳೆಯ ಕೊಲೆಸ್ಟರಾಲೂ ಕಡಿಮೆ ಇತ್ತು, ಬಿ12 ಕೊರತೆಯಿಂದ ರಕ್ತದಲ್ಲಿ ಹೋಮೊಸಿಸ್ಟೀನ್ ಏರಿತ್ತು, ಅದು ಹೆಚ್ಚಾಗುವುದು ಹೃದಯಕ್ಕೆ ಒಳ್ಳೆಯ ಸೂಚನೆಯಲ್ಲ. ಅದೇ ತಂಡದ 1999ರ ಸಮೀಕ್ಷೆಯಲ್ಲಿ, 45ರೊಳಗಿನ ಹೆಂಗಸರಲ್ಲಿ ಸುಮಾರು 30 ಶೇಕಡಾ ಜನಕ್ಕೆ ಮುಟ್ಟು ಏರುಪೇರಾಗಿತ್ತು ಅಥವಾ ಪೂರ್ತಿ ನಿಂತಿತ್ತು. ಎರಡನೆಯದನ್ನು ಹೇಳಿದಾಗ ಅವರು ತಲೆ ಎತ್ತಿ ನೋಡಿದರು. ಮಗಳ ವಿಷಯ ಅಲ್ಲಿಯವರೆಗೆ ಅವರಿಗೆ ಗೊತ್ತೇ ಇರಲಿಲ್ಲ. ತಾಯಿ ಹೇಳಿರಲಿಲ್ಲ, ಮಗಳು ಹೇಳುವುದು ದೂರದ ಮಾತು. ಈಗ ಮಗಳೇ ಹೇಳಲು ಒಪ್ಪಿದ್ದಳು, ಆ ದಿನ ಅವಳೂ ಹೊರಗೆ ಕೂತಿದ್ದಳು.

ಒಂದು ಪ್ರಶ್ನೆಯನ್ನು ನಾನು ಇಂಥವರಿಗೆಲ್ಲ ಕೇಳುತ್ತೇನೆ. ಒಂದು ಸಂಜೆ, ನಿಮ್ಮ ತಪ್ಪಿಲ್ಲದೆ, ಬೇಯಿಸಿದ್ದು ಒಂದು ಚಮಚ ಹೊಟ್ಟೆಗೆ ಹೋಯಿತು ಅಂದುಕೊಳ್ಳಿ. ಮಾರನೇ ದಿನ ಏನು ಮಾಡುತ್ತೀರಿ? "ಛೆ" ಅಂದುಕೊಂಡು ಸುಮ್ಮನಾಗುವವರದು ಒಂದು ಬಗೆಯ ಪಥ್ಯ. ಇವರು "ಎರಡು ದಿನ ಉಪವಾಸ ಮಾಡ್ತೀನಿ" ಅಂದರು, ಲೆಕ್ಕ ಮೊದಲೇ ಹಾಕಿಟ್ಟವರ ಹಾಗೆ. ಶುದ್ಧ ಆಹಾರದ ಗೀಳಿಗೆ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ 1997ರಲ್ಲಿ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು. ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ ಅದು ಪ್ರತ್ಯೇಕ ರೋಗವಾಗಿ ಇಲ್ಲ, ನಾನೂ ಆ ಹಣೆಪಟ್ಟಿ ಅಂಟಿಸಲಿಲ್ಲ. ಅವರನ್ನು ಹಿಡಿದಿದ್ದದ್ದು ಭಯ. ತಂದೆ ಸತ್ತ ವಯಸ್ಸು ದಾಟುವವರೆಗೆ ಉಸಿರು ಬಿಗಿಹಿಡಿದು ಬದುಕುತ್ತಿದ್ದರು. ಆ ಮಾತು ಹೊರಬರಲು ಹಲವು ಭೇಟಿ ಬೇಕಾಯಿತು, ಅದನ್ನಿಲ್ಲಿ ವಿವರಿಸುವುದಿಲ್ಲ.

ನಿಯಮದ ಬಿಗಿ ಸಡಿಲಾಗಲು ನೆರವಾದದ್ದು ವಿಚಿತ್ರವಾಗಿ ಗೋಡಂಬಿ. ನಾನು ಕರೆಸಿದ್ದ ಡಯಟಿಷಿಯನ್ ಇವರ ಊಟದ ಪಟ್ಟಿ ನೋಡಿ, ಅಂಗಡಿಯಲ್ಲಿ ಹಸಿ ಎಂದು ಮಾರುವ ಗೋಡಂಬಿಗೂ ಹಬೆಯ ಶಾಖವೋ ಹುರಿದ ಶಾಖವೋ ಸಾಮಾನ್ಯವಾಗಿ ತಗುಲಿರುತ್ತದೆ, ಸಿಪ್ಪೆಯಲ್ಲಿ ಚರ್ಮ ಸುಡುವ ಎಣ್ಣೆ ಇರುವುದರಿಂದ ಹಾಗೆ ಮಾಡದೆ ಒಡೆಯುವುದು ಕಷ್ಟ ಅಂದರು. ಇವರು ದಿನಾ ಒಂದು ಮುಷ್ಟಿ ತಿನ್ನುತ್ತಿದ್ದರು. ಮೊದಲು ಮುಖ ಬಿಳಿಚಿತು. ಆಮೇಲೆ ನಕ್ಕರು, ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ದಿನ ನಿಯಮ ಮುರಿದೂ ಏನೂ ಆಗಿರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಬೇರೆ ನಂಬಿಕೆಗಳ ಕಡೆಗೂ ಹೊರಳಿದೆವು. ಬೇಯಿಸಿದರೆ ಜೀರ್ಣಕ್ಕೆ ಬೇಕಾದ ಕಿಣ್ವಗಳು (ಎನ್ಜೈಮ್) ನಾಶವಾಗುತ್ತವೆ ಅನ್ನುವುದು ಅವುಗಳಲ್ಲೊಂದು. ಆದರೆ ತರಕಾರಿಯ ಕಿಣ್ವಗಳೂ ಪ್ರೋಟೀನೇ, ಬಹುಪಾಲು ಹೊಟ್ಟೆಯ ಆಮ್ಲದಲ್ಲಿ ಮುರಿದುಹೋಗುತ್ತವೆ. ಜೀರ್ಣಕ್ಕೆ ಬೇಕಾದ ಕಿಣ್ವವನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಬೇಯಿಸಿದರೆ ವಿಟಮಿನ್ ಸಿ ನಷ್ಟವಾಗುವುದು ನಿಜ, ಟೊಮ್ಯಾಟೊಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಬೇಯಿಸಿದಾಗಲೇ ಹೆಚ್ಚು ದಕ್ಕುವುದೂ ನಿಜ.

ಮನೆಗೆ ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಲೆಕ್ಕ. 100 ಗ್ರಾಂ ಸೌತೆಕಾಯಿಯಲ್ಲಿ ಇರುವುದು ಸುಮಾರು 15 ಕ್ಯಾಲೊರಿ. ಬರೀ ಅದನ್ನೇ ತಿಂದು 2000 ಕ್ಯಾಲೊರಿ ಮುಟ್ಟಬೇಕಾದರೆ 13 ಕಿಲೊ ಬೇಕು. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 90, ಅಷ್ಟೇ ಬಾದಾಮಿಯಲ್ಲಿ 580ರ ಹತ್ತಿರ. ಹಾಗಾಗಿ ದೊಡ್ಡ ಬಟ್ಟಲು ಸಲಾಡ್ ಕಣ್ಣಿಗೆ ತುಂಬಿದ ಊಟ, ಹೊಟ್ಟೆಗೆ ಅಲ್ಲ. ಪ್ರತಿ ಊಟದಲ್ಲೂ ಬೀಜ, ಕಾಳು, ಸಿಹಿ ಹಣ್ಣು ಇರಲೇಬೇಕು ಎಂದು ಡಯಟಿಷಿಯನ್ ಗೆರೆ ಎಳೆದರು. ಬಿ12 ಮಾತ್ರೆ ಕಡ್ಡಾಯ. ವಿಟಮಿನ್ ಡಿ, ಅಯೋಡಿನ್, ಕಬ್ಬಿಣ ವೈದ್ಯರು ಹೇಳಿದ ಹಾಗೆ. ಕಾಳು ನೆನೆಸಿ ಮೊಳಕೆ ಬರಿಸಿ, ಹುಳಿ ಹಣ್ಣಿನ ಜೊತೆ ತಿಂದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ.

ಮೊಳಕೆಯ ವಿಷಯದಲ್ಲಿ ಅವರಿಗೆ ಉದಾಸೀನ ಇತ್ತು. ಬೆಚ್ಚಗೆ, ತೇವವಾಗಿ ಇಟ್ಟದ್ದರಲ್ಲಿ ಕಾಳಿನ ಜೊತೆ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೊಲೈ ಸೋಂಕಿಗೆ 50ಕ್ಕೂ ಹೆಚ್ಚು ಜನ ಸತ್ತರು. ಗರ್ಭಿಣಿಯರು, ಸಣ್ಣ ಮಕ್ಕಳು, ವಯಸ್ಸಾದವರು ಹಸಿ ಮೊಳಕೆ ತಿನ್ನದಿರುವುದೇ ಒಳ್ಳೆಯದು. ರಾಜ್ಮಾ ಅಂತೂ ಮೊಳಕೆ ಬಂದರೂ ಹಸಿ ತಿನ್ನುವಂತಿಲ್ಲ, ಅದರ ವಿಷ ಹೋಗಬೇಕಾದರೆ ಚೆನ್ನಾಗಿ ಕುದಿಯಲೇಬೇಕು. ಮಧ್ಯೆ ಒಮ್ಮೆ ಮನೆಯವರಿಗೆಲ್ಲ ವಾಂತಿ ಆಗಿತ್ತು ಅನ್ನುವುದು ಈ ಮಾತಿನ ನಡುವೆ ಹೊರಬಂತು. ಆಗ ತಪ್ಪು ಹೊರಿಸಿದ್ದು ಹೆಂಡತಿಯ ಅಡುಗೆಯ ಮೇಲೆ.

ಮಗಳ ಬಗ್ಗೆ ನಾನು ಮೆತ್ತಗೆ ಮಾತಾಡಲಿಲ್ಲ. ಬೆಳೆಯುವ ವಯಸ್ಸು, ವೈದ್ಯರು ಹೇಳಿದ ಊಟ, ಅದರಲ್ಲಿ ಅಪ್ಪನ ಅಭಿಪ್ರಾಯಕ್ಕೆ ಸದ್ಯಕ್ಕೆ ಜಾಗ ಇಲ್ಲ. ಅಪ್ಪನೇ ಬಾಯಿಬಿಟ್ಟು "ನೀನು ಬೇಯಿಸಿದ್ದು ತಿಂದರೆ ನನಗೆ ಬೇಜಾರಿಲ್ಲ" ಎಂದು ಅವಳಿಗೆ ಹೇಳಬೇಕು ಅಂದೆ. ಹೇಳಿದರು. ಹುಡುಗಿ ಅವರನ್ನು ನೋಡದೆ ತಾಯಿಯನ್ನು ನೋಡಿದಳು, ಇದು ನಿಜವಾ ಅನ್ನೋ ಹಾಗೆ.

ಹೆಂಡತಿಗೂ ಹೇಳುವುದಿತ್ತು. ನೆಂಟರ ಮುಂದೆ ಗಂಡನ ಊಟದ ಕಥೆ ಹೇಳಿ ನಗಿಸುವುದು ನಿಲ್ಲಬೇಕು. "ಒಂದೇ ಒಂದು ಚಮಚ ತಿನ್ನಿ, ನಾನು ಮಾಡಿದ್ದು" ಎಂಬ ಪರೀಕ್ಷೆಯೂ ನಿಲ್ಲಬೇಕು. ಚಮಚದಲ್ಲಿ ಪ್ರೀತಿ ಅಳೆಯಲು ಹೋದರೆ ಇಬ್ಬರೂ ಸೋಲುತ್ತಾರೆ. ಗಂಡನ ತರಕಾರಿ ಹೆಚ್ಚುವುದು, ಬ್ಲೆಂಡರ್ ತೊಳೆಯುವುದು ಇನ್ನು ಮುಂದೆ ಗಂಡನದೇ ಕೆಲಸ. ಆಯ್ಕೆ ಅವರದಾದ ಮೇಲೆ ದುಡಿಮೆಯೂ ಅವರದೇ. ಕಿಟಕಿ ಮೊದಲೇ ತೆಗೆದಿಟ್ಟು ಒಲೆ ಹಚ್ಚುವುದು, ಇದು ಮಾತ್ರ ಅವರಿಬ್ಬರೇ ಮಾಡಿಕೊಂಡ ಒಪ್ಪಂದ. ರಾತ್ರಿಯ ಊಟಕ್ಕೆ ಮೂವರೂ ಒಂದೇ ಮೇಜು, ಒಂದೇ ಹೊತ್ತು, ಯಾರ ತಟ್ಟೆಯ ಬಗ್ಗೆಯೂ ಮಾತಿಲ್ಲ.

ಹೋಟೆಲಿನ ವಿಷಯ ನಾನು ಎಣಿಸಿದ್ದಕ್ಕಿಂತ ಕಠಿಣವಾಗಿತ್ತು. ಹಿಂದಿನ ಮದುವೆ ವಾರ್ಷಿಕೋತ್ಸವದ ಊಟದಲ್ಲಿ ಅವರು ವೇಟರ್‌ನನ್ನು ಮತ್ತೆ ಮತ್ತೆ ಅಡುಗೆಮನೆಗೆ ಓಡಿಸಿದ್ದರು. ಡ್ರೆಸಿಂಗ್‌ನಲ್ಲಿ ಜೇನು ಇದೆಯಾ, ಬೀಜ ಹುರಿದದ್ದಾ, ಸೋಯಾ ಸಾಸ್ ಕಾಯಿಸಿದ್ದಾ, ಹೆಚ್ಚುವ ಮಣೆ ಬೇರೆಯದಾ. ಹೆಂಡತಿಯ ಊಟ ಆರಿಹೋಯಿತು. ಅಂದಿನಿಂದ ಅವರು ಒಟ್ಟಿಗೆ ಹೊರಗೆ ಹೋಗಿಲ್ಲ.

ಅವರ ಪ್ರಶ್ನೆಗಳು ತಪ್ಪಲ್ಲ. ಮಯೋನೀಸ್‌ನಲ್ಲಿ ಮೊಟ್ಟೆ, ಸೀಸರ್ ಡ್ರೆಸಿಂಗ್‌ನಲ್ಲಿ ಚೀಸ್ ಮತ್ತು ಮೀನು, ಸಲಾಡ್ ಮೇಲೆ ಸುಟ್ಟ ಬ್ರೆಡ್ ತುಣುಕು ಇರುವುದು ಮಾಮೂಲು. ಸೋಯಾ ಸಾಸ್ ಸಾಮಾನ್ಯವಾಗಿ ಕಾಯಿಸಿಯೇ ಬಾಟಲಿಗೆ ತುಂಬುವುದು. ಸರಿಯಿಲ್ಲದ್ದು ಆ ಪ್ರಶ್ನೆಗಳ ಹೊತ್ತು. ಜನ ಕಡಿಮೆ ಇರುವ ಸಮಯ ನೋಡಿ ಹಿಂದಿನ ದಿನವೇ ಫೋನ್ ಮಾಡಿ ಅಂದೆ. ನಿಮ್ಮ ಸಿದ್ಧಾಂತ ಹೇಳಬೇಡಿ, ಅಡುಗೆಮನೆಯಲ್ಲಿ ಹಸಿ ಏನಿದೆ ಕೇಳಿ. "ಹೆಚ್ಚಿದ ತರಕಾರಿ, ಸೊಪ್ಪು, ಹಣ್ಣು, ಮೇಲೆ ನಿಂಬೆರಸ, ಬೇರೆ ಏನೂ ಬೇಡ": ಇಷ್ಟು ಸಾಲದೇ ಹೋದರೆ ಆ ಹೋಟೆಲ್ ನಿಮಗಲ್ಲ. ಮನೆಯಲ್ಲಿ ಬೀಜ, ಹಣ್ಣು ತಿಂದು ಹೊರಡಿ, ಹಸಿದ ಹೊಟ್ಟೆಗೆ ಸಿಟ್ಟು ಬೇಗ. ಸ್ವಂತ ಡಬ್ಬಿ ತರಬಹುದಾ ಎಂದು ಮೊದಲೇ ಕೇಳಿ, ಬೇಡ ಅಂದರೆ ಬೇಡ. ಊಟ ಕಡಿಮೆ ತಿಂದಿರಿ ಎಂದು ಬಿಲ್ಲಿನಲ್ಲಿ ಚೌಕಾಶಿ ಬೇಡ. ಮೇಜಿನ ಮೇಲೆ ಒಂದು ಪ್ರಶ್ನೆ ಮಾತ್ರ ಕೇಳಬಹುದು. ಅಲರ್ಜಿ ಇದೆ ಎಂದು ಸುಳ್ಳು ಹೇಳುವ ಉಪಾಯ ಅವರೇ ತೇಲಿಬಿಟ್ಟರು, ನಾನು ಒಪ್ಪಲಿಲ್ಲ. ನಿಜವಾದ ಅಲರ್ಜಿ ಇರುವವರ ಮಾತಿಗೆ ಬೆಲೆ ಹೋಗುವುದು ಹಾಗೆಯೇ.

ಹೋಗಿ ಬಂದರು. ಹೇಳಿಯೂ ಸಲಾಡ್ ಮೇಲೆ ಚೀಸ್ ತುರಿದು ತಂದಿದ್ದರಂತೆ. ಅವರು ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿ, ಒಂದು ಪ್ಲೇಟ್ ಹಣ್ಣು ತರಿಸಿಕೊಂಡರು. ವೇಟರ್‌ಗೆ ಎರಡನೇ ಪ್ರಶ್ನೆ ಕೇಳಲಿಲ್ಲ ಎಂದು ಹೆಂಡತಿಯೇ ಸಾಕ್ಷಿ ನುಡಿದರು. ಮಾರನೇ ದಿನ ಉಪವಾಸ ಮಾಡಿದಿರಾ ಎಂದೆ. "ಒಂದು ಹೊತ್ತು" ಅಂದರು.

ಅವರು ಇನ್ನೂ ಹಸಿಯನ್ನೇ ತಿನ್ನುತ್ತಾರೆ, ಬಿ12 ಮಾತ್ರೆಯ ಜೊತೆ. ಕಾಲಿನ ಜೋಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಗಳ ತೂಕ ಏರುತ್ತಿದೆ, ಸ್ತ್ರೀರೋಗ ತಜ್ಞರ ಭೇಟಿ ಮುಂದುವರಿದಿದೆ. ತಂದೆಯ ಸಾವಿನ ವಿಷಯವಾಗಿ ಅವರು ನನ್ನ ಹತ್ತಿರ ತಿಂಗಳಿಗೊಮ್ಮೆ ಬರುತ್ತಾರೆ. ಈಗೀಗ ಊಟದ ಮಾತು ಬರುವುದು ಅಪರೂಪ.