ಯೂನಿಫಾರ್ಮ್ ಹಾಕಿದವರಿಗೇ ಓಟು ಕೊಡಬೇಕಾ?

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ಮುಂದಿನ ಚುನಾವಣೆ ನನಗೆ ಮೊದಲನೆಯದು. ಸೇನೆಯಲ್ಲಿ ಇದ್ದವರಿಗೆ ಮಾತ್ರ ದೇಶದ ರಕ್ಷಣೆ ಗೊತ್ತು, ಉಳಿದವರದ್ದು ಬರೀ ಭಾಷಣ ಅಂತ ಅಣ್ಣ ಹೇಳುತ್ತಾನೆ. ಹೌದಾ? ಯಾರು ಏನು ಮಾಡಿದ್ದಾರೆ ಅಂತ ತಿಳಿಯುವುದು ಹೇಗೆ?
– ಓದುಗರೊಬ್ಬರು, ಕಾವೂರು, ಮಂಗಳೂರು

ಉತ್ತರ: ಮಗಳೇ, ನಾನು 24 ವರ್ಷ ಸೇನೆಯ ಸರಬರಾಜು ವಿಭಾಗದಲ್ಲಿ ಇದ್ದವನು. ರೇಷನ್, ಸೀಮೆಎಣ್ಣೆ ಮೇಲಕ್ಕೆ ಕಳಿಸುವುದು ನಮ್ಮ ಕೆಲಸ. ಆ ಯೂನಿಫಾರ್ಮ್ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಆದರೂ ನಿನ್ನ ಅಣ್ಣನ ಮಾತು ನಾನು ಒಪ್ಪುವುದಿಲ್ಲ.

ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನವರೇ ಅಲ್ವಾ? ಕಾರ್ಮಿಕರ ನಾಯಕರು, ಒಂದು ದಿನವೂ ಸೈನಿಕರಾಗಿರಲಿಲ್ಲ. 1998ರಲ್ಲಿ ರಕ್ಷಣಾ ಮಂತ್ರಿಯಾದರು. ಸಿಯಾಚಿನ್‌ಗೆ ಸ್ನೋ ಸ್ಕೂಟರ್ ಬೇಕು ಅಂತ ಹೋದ ಫೈಲು ದೆಹಲಿಯಲ್ಲೇ ಕೂತಿತ್ತು. ಫೈಲು ತಡೆದ ಅಧಿಕಾರಿಗಳನ್ನೇ ಅವರು ಸಿಯಾಚಿನ್‌ಗೆ ಹೋಗಿ ಬನ್ನಿ ಅಂದರು. ನಾನಾಗ ಲೇಹ್‌ನಲ್ಲಿದ್ದೆ. ಸುದ್ದಿ ಬಂದ ದಿನ ಡಿಪೋದಲ್ಲಿ ಜೆರ್ರಿಕ್ಯಾನ್ ಎಣಿಸುವುದನ್ನು ಬಿಟ್ಟು ನಾವೆಲ್ಲ ಅದನ್ನೇ ಮಾತಾಡಿದೆವು. ಹಿಮಕ್ಕೆ ಬೆರಳು ಕಳೆದುಕೊಂಡು ಇಳಿದು ಬಂದ ಹುಡುಗರನ್ನು ನೋಡಿದವರು ನಾವು. ನಮ್ಮ ಚಳಿ ದೆಹಲಿಗೂ ಗೊತ್ತಾಗಲಿ ಅಂತ ಒಬ್ಬರು ಯೋಚಿಸಿದರಲ್ಲ ಅಂತ ಅನ್ನಿಸಿತ್ತು.

ಹಾಗಂತ ಅಷ್ಟಕ್ಕೇ ನಿಲ್ಲಿಸಬೇಡ. ಅವರ ಕಾಲದಲ್ಲಿ ಮಡಿದ ಸೈನಿಕರಿಗಾಗಿ ಮಾಡಿದ ಶವಪೆಟ್ಟಿಗೆ ಖರೀದಿಗೆ 2001ರಲ್ಲಿ ಸಿಎಜಿ, ಅಂದರೆ ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ, ತಕರಾರು ಎತ್ತಿತು. ಮುಂದೆ ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಇದನ್ನೂ ಓದಬೇಕು, ಅದನ್ನೂ ಓದಬೇಕು.

ಇನ್ನು ಸೇನೆಯಿಂದ ಬಂದವರು. ಮೇಜರ್ ಜನರಲ್ ಬಿ.ಸಿ. ಖಂಡೂರಿ ಆಳುವ ಪಕ್ಷದ ಸಂಸದರಾಗಿದ್ದರು, ರಕ್ಷಣೆಯ ಸಂಸದೀಯ ಸ್ಥಾಯಿ ಸಮಿತಿಯ, ಅಂದರೆ ರಕ್ಷಣಾ ಸಚಿವಾಲಯದ ಕೆಲಸ ಪರಿಶೀಲಿಸುವ ಸಂಸದರ ಸಮಿತಿಯ, ಅಧ್ಯಕ್ಷರೂ ಆಗಿದ್ದರು. ಸೇನೆಯ ಸಲಕರಣೆಯಲ್ಲಿ ನೂರಕ್ಕೆ 68 ಪಾಲು ಹಳೆಯದಾಗಿದೆ, ಹೊಚ್ಚಹೊಸದು 8 ಪಾಲು ಮಾತ್ರ ಅಂತ ಉಪಮುಖ್ಯಸ್ಥರು ಹೇಳಿದ್ದನ್ನು 2018ರ ಮಾರ್ಚ್‌ನಲ್ಲಿ ಅವರ ಸಮಿತಿ ಹಾಗೆಯೇ ಬರೆಯಿತು. ಸ್ವಂತ ಸರ್ಕಾರಕ್ಕೆ ಮುಜುಗರ ಆಗುವ ಮಾತು. ಅದೇ ಸೆಪ್ಟೆಂಬರ್‌ನಲ್ಲಿ ಸಮಿತಿಗೆ ಬೇರೆ ಅಧ್ಯಕ್ಷರು ಬಂದರು. ಯೂನಿಫಾರ್ಮ್ ಹಾಕಿದ್ದು ಸಾರ್ಥಕ ಆಗುವುದು ಇಂಥ ಕಡೆ. ಬರೀ ಹೆಸರಿನ ಹಿಂದೆ ಕ್ಯಾಪ್ಟನ್, ಕರ್ನಲ್ ಅಂತ ಇದ್ದರೆ ಸಾಲದು.

ದುಡ್ಡಿನ ಲೆಕ್ಕ ಸ್ವಲ್ಪ ಹೇಳುತ್ತೇನೆ. 2025-26ರ ಬಜೆಟ್‌ನಲ್ಲಿ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಇದನ್ನು 100 ರೂಪಾಯಿ ಅಂತ ಇಟ್ಟುಕೋ. ಪಿಂಚಣಿಗೆ ಸುಮಾರು 24. ಹೊಸ ವಿಮಾನ, ಹಡಗು, ಫಿರಂಗಿ ಎಲ್ಲ ಸೇರಿದ ಬಂಡವಾಳಕ್ಕೆ ಸುಮಾರು 26. ಉಳಿದದ್ದರಲ್ಲಿ ಬಹುಪಾಲು ಸಂಬಳಕ್ಕೆ, ಊಟಕ್ಕೆ, ಇಂಧನಕ್ಕೆ, ರಿಪೇರಿಗೆ. ನನ್ನ ಪಿಂಚಣಿಯೂ ಆ 24ರಲ್ಲೇ ಇದೆ. ಆದ್ದರಿಂದ ‘ರಕ್ಷಣೆಗೆ ಇಷ್ಟು ಕೋಟಿ ಕೊಟ್ಟೆವು’ ಅಂತ ವೇದಿಕೆಯಲ್ಲಿ ಹೇಳಿದರೆ, ಯಾವುದಕ್ಕೆ ಎಷ್ಟು ಅಂತ ಕೇಳು.

ಕೊಟ್ಟ ಮೇಲೂ ತಲುಪಿತಾ ಅನ್ನುವುದು ಬೇರೆಯೇ ವಿಷಯ. ಸಿಯಾಚಿನ್‌ನಂಥ ಎತ್ತರದ ಜಾಗಗಳ ಬಗ್ಗೆ 2020ರ ಫೆಬ್ರುವರಿಯಲ್ಲಿ ಸಂಸತ್ತಿಗೆ ಸಿಎಜಿ ವರದಿ ಬಂತು. ಬಟ್ಟೆ ಖರೀದಿ 4 ವರ್ಷದವರೆಗೂ ತಡವಾಗಿತ್ತು. ಹಿಮದಲ್ಲಿ ಹಾಕುವ ಕನ್ನಡಕಕ್ಕೆ ಭಾರೀ ಕೊರತೆ ಇತ್ತು. ಆ ಕನ್ನಡಕ ಇಲ್ಲದೆ ಬಿಸಿಲಿಗೆ ನಿಂತರೆ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿಯುತ್ತದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಭ್ಯರ್ಥಿಯ ಅಫಿಡವಿಟ್‌ನಲ್ಲಿ ಓದು, ಉದ್ಯೋಗ, ಆಸ್ತಿ, ಕೇಸು ಸಿಗುತ್ತದೆ. ಸದನದಲ್ಲಿ ಮಾಡಿದ ಕೆಲಸ ಬೇಕಾದರೆ ಲೋಕಸಭೆಯ ವೆಬ್‌ಸೈಟಿಗೆ ಹೋಗು. ಯಾವ ಸಂಸದರು ಯಾವ ಸಚಿವಾಲಯಕ್ಕೆ ಏನು ಕೇಳಿದರು, ಉತ್ತರ ಏನು ಬಂತು, ಎಲ್ಲ ಇದೆ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಅವರ ಹೆಸರಿನಲ್ಲಿ ಹುಡುಕಬೇಡ. 2024ರಲ್ಲಿ ನಮ್ಮ ದಕ್ಷಿಣ ಕನ್ನಡದಿಂದ ಗೆದ್ದ ಬ್ರಿಜೇಶ್ ಚೌಟ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರು. ಅವರಿಂದಲೇ ಶುರು ಮಾಡು. ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೋ.