ಟಚ್‌ಡೌನ್ ಅಂದ್ರೆ ಏನು? ಆಟ, ವಿಮಾನ, ಸುಂಟರಗಾಳಿ ಮೂರಕ್ಕೂ ಇದೇ ಪದ ಯಾಕೆ?

ನೀವು ಕೇಳಿದ ಮೂರಕ್ಕೂ ಬುಡ ಒಂದೇ: ನೆಲ ಮುಟ್ಟುವುದು. ಆದರೆ ಈ ಪದಕ್ಕೆ ಹೆಸರು ತಂದುಕೊಟ್ಟ ಆಟದಲ್ಲೇ ನೆಲ ಮುಟ್ಟಬೇಕಾಗಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಮೈಸೂರಿನವನು. ನಂಜನಗೂಡು ರಸ್ತೆಯಲ್ಲಿ ಹೋಗುವಾಗ ಮಂಡಕಳ್ಳಿ ವಿಮಾನ ನಿಲ್ದಾಣದ ಹತ್ತಿರ ಸ್ಕೂಟರ್ ನಿಲ್ಲಿಸಿ ಏಟಿಆರ್ ಅನ್ನುವ ಸಣ್ಣ ವಿಮಾನ ಇಳಿಯುವುದನ್ನು ನೋಡುವ ಚಟ ನನಗೆ. ನಾವು ಸುಮ್ನೆ ‘ವಿಮಾನ ಇಳಿಯಿತು’ ಅಂದುಬಿಡುತ್ತೇವೆ. ಇಳಿಯುವುದಕ್ಕೆ ಎಷ್ಟೋ ನಿಮಿಷ ಬೇಕು. ಟಚ್‌ಡೌನ್ ಅಂದರೆ ಚಕ್ರ ರನ್‌ವೇಗೆ ತಾಗುವ ಆ ಒಂದು ಕ್ಷಣ ಮಾತ್ರ. ಮೊದಲು ಹಿಂದಿನ ಚಕ್ರಗಳು, ಆಮೇಲೆ ಮೂತಿಯ ಕೆಳಗಿನದು. ಅಲ್ಲಿಯವರೆಗೆ ತಿರುಗದೆ ಇದ್ದ ಟೈರು ಒಮ್ಮೆಲೇ ಉಜ್ಜಿಕೊಂಡು ಹೊಗೆ ಏಳುತ್ತದೆ. ಎಲ್ಲಿ ತಾಗಿತು ಅನ್ನುವುದೂ ಮುಖ್ಯ. ತೀರಾ ಮುಂದೆ ಹೋಗಿ ತಾಗಿದರೆ ನಿಲ್ಲಿಸಲು ಜಾಗ ಸಾಲುವುದಿಲ್ಲ. ನಮ್ಮ ರನ್‌ವೇ ಇರುವುದೇ ಸುಮಾರು 1,740 ಮೀಟರ್. ದೊಡ್ಡ ವಿಮಾನ ಇಲ್ಲಿಗೆ ಯಾಕೆ ಬರುವುದಿಲ್ಲ ಅಂತ ಗೊತ್ತಾಯ್ತಲ್ವಾ?

ಸುಂಟರಗಾಳಿಯದೂ, ಅಂದರೆ ಟಾರ್ನೆಡೊದ್ದೂ, ಇದೇ ಲೆಕ್ಕ. ಮೋಡದಿಂದ ಆನೆ ಸೊಂಡಿಲಿನ ಹಾಗೆ ಸುತ್ತುತ್ತಾ ಇಳಿದು ಗಾಳಿಯಲ್ಲೇ ತೂಗಾಡುತ್ತಿದ್ದರೆ ಅದಿನ್ನೂ ಟಾರ್ನೆಡೊ ಅಲ್ಲ. ಸುತ್ತುವ ಗಾಳಿ ನೆಲ ಮುಟ್ಟಿದಾಗಲೇ ಟಚ್‌ಡೌನ್, ಆಗಲೇ ಟಾರ್ನೆಡೊ. ಇಲ್ಲಿ ಕಣ್ಣು ಮೋಸ ಹೋಗಬಹುದು. ನಮಗೆ ಕಾಣುವ ಸೊಂಡಿಲು ನೀರಿನ ಹನಿಗಳದ್ದು, ಗಾಳಿಯದ್ದಲ್ಲ. ಸೊಂಡಿಲು ಅರ್ಧಕ್ಕೇ ನಿಂತಂತೆ ಕಂಡರೂ ಕೆಳಗೆ ಧೂಳು ಸುತ್ತುತ್ತಿದ್ದರೆ ಗಾಳಿ ಆಗಲೇ ನೆಲಕ್ಕೆ ಬಂದಿದೆ ಅಂತ. ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ಮಾತ್ರ ಈ ಪದ ಹಾಕಬೇಡಿ. ಅದು ದಡ ದಾಟಿದರೆ ಲ್ಯಾಂಡ್‌ಫಾಲ್.

ಈಗ ಆಟ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟಚ್‌ಡೌನ್‌ಗೆ 6 ಅಂಕ. ಆಟಗಾರನ ಕೈಯಲ್ಲಿರುವ ಚೆಂಡು ಎದುರಾಳಿಯ ಗೋಲ್ ಗೆರೆಯ ಮೇಲಕ್ಕೆ ಬಂದರೆ ಸಾಕು, ಗಾಳಿಯಲ್ಲಿದ್ದರೂ ನಡೆಯುತ್ತದೆ. ಕಬಡ್ಡಿಯಲ್ಲಿ ರೈಡರ್ ನಡುಗೆರೆಗೆ ಕೈ ಚಾಚಿದ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಗೆರೆ ಮುಟ್ಟಬೇಕಾಗಿಲ್ಲ. ಹಾಗಾದರೆ ‘ಟಚ್’ ಎಲ್ಲಿಂದ ಬಂತು? ಈ ಆಟ ಹುಟ್ಟಿದ್ದು ರಗ್ಬಿಯಿಂದ. ಅಲ್ಲಿ ಚೆಂಡನ್ನು ಇವತ್ತಿಗೂ ನೆಲಕ್ಕೆ ಒತ್ತಲೇಬೇಕು. ಆದರೆ ನೆಲ ಮುಟ್ಟಿಸುವ ಆ ಆಟದಲ್ಲಿ ಇದರ ಹೆಸರು ‘ಟ್ರೈ’, ಅಂದರೆ ಪ್ರಯತ್ನ! ಹಿಂದೆ ಚೆಂಡು ಮುಟ್ಟಿಸಿದರೆ ಅಂಕವೇ ಇರಲಿಲ್ಲವಂತೆ, ಗೋಲಿಗೆ ಒದೆಯಲು ಒಂದು ಅವಕಾಶ ಸಿಗುತ್ತಿತ್ತು ಅಷ್ಟೇ.